ಗುರುವಿನ ಒರೆಗಲ್ಲಿನಲ್ಲಿ ರಾಘವಾಂಕ ಕವಿ

ಮಲಪ್ರಭಾ ನದಿಯ ದಂಡೆಯ ಮೇಲೆ, ಬಾದಾಮಿಗೆ ಸಮೀಪದಲ್ಲಿರುವ ಪಟ್ಟದಕಲ್ಲನ್ನು ಪೂರ್ವಿಕರು ಕಿಸುವೊಳಲೆಂದು ಕರೆಯುತ್ತಿದ್ದರು. ಕ್ರಿ. ಶ. ೮೫೦ರ ಸುಮಾರಿಗೆ ರಾಷ್ಟ್ರಕೂಟ ಚಕ್ರವರ್ತಿಯಾದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೆಂಬ ಗ್ರಂಥವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಈ ಕಿಸುವೊಳಲನ್ನೂ, ಕೊಪಣ, ಪುಲಿಗೆರೆ, ಒಂಕುಂದಗಳನ್ನೂ ಹೆಸರಿಸಿರುವದು. ಈ ಸೀಮೆಯ ಜನರಿಗೆ ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಅದೇ ಗ್ರಂಥವು ಕವಿಗಳಿಗೆ ಕೊಟ್ಟ ಒಂದು ಎಚ್ಚರಿಕೆಯು ಇದಕ್ಕಿಂತಲೂ ಹೆಚ್ಚು ಸ್ಮರಣೀಯವಾದದ್ದು. ಲೋಕವನ್ನೆಲ್ಲ ಕಾಣುವ ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಕವಿಯಾದವನು ತನ್ನ ಕೃತಿಯ ದೋಷವನ್ನು ಕಾಣಲಾರದೆ ಹೋಗುವದೂ ಹೀಗೆಯೇ ಎಂಬುದು ಅದರ ತಾತ್ಪರ್ಯ. ಆದಕಾರಣ ಕೃತಿಯು ಲೋಕದ ಮುಂದೆ ಬರುವದಕ್ಕಿಂತ ಮೊದಲು ಬಲ್ಲವರ ಕಣ್ಣಿಗೆ ಬೀಳತಕ್ಕದ್ದು.

ಈ ಮಾತು ತಿಳಿಯುವದಕ್ಕೆ ಸುಲಭ, ನಡೆಯಿಸುವದಕ್ಕೆ ಕಠಿಣ. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವಾಗ ಎಳೆ ಎಳೆಯನ್ನೂ ನೋಡಿಕೊಳ್ಳುವನು. ಸೀರೆಯು ಮಗ್ಗದಿಂದ ಇಳಿದು ಪೇಟೆ ಸೇರಿದ ಮೇಲೆ ಕಂಡ ತಪ್ಪನ್ನು ತಿದ್ದುವ ಉಪಾಯವಿಲ್ಲವೆಂದು ಅವನು ಬಲ್ಲನು. ಕವಿಗಾದರೋ ತನ್ನ ಕೃತಿಯು ಮುಗಿದೊಡನೆ ಅದನ್ನು ನಾಲ್ಕು ಜನರ ಮುಂದೆ ಓದಿ ಹೊಗಳಿಕೆಯನ್ನು ಪಡೆಯಬೇಕೆಂಬ ಆತುರವು ಸಹಜವಾದದ್ದು. ಆ ಆತುರದ ಬೆಲೆಯನ್ನು ತನ್ನ ಮೈಮೇಲೆಯೇ ತೆತ್ತು, ತರುವಾಯ ಗುರುವಿನ ಒರೆಗಲ್ಲಿಗೆ ತನ್ನ ಕಾವ್ಯವನ್ನು ಒಪ್ಪಿಸಿ ಪುಟಕ್ಕಿಟ್ಟ ಚಿನ್ನದಂತೆ ಹೊಳೆದವನು ಹಂಪೆಯ ರಾಘವಾಂಕನು. ಶಿವಭಕ್ತರಿಗೆ ಪ್ರಿಯವಾದ ಆ ಮಹಾಕವಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ಸ್ಮರಿಸುವದು ಉಚಿತವಾಗಿದೆ.

ರಾಘವಾಂಕನ ಕಾಲವನ್ನು ವಿದ್ವಾಂಸರು ೧೨ನೆಯ ಶತಮಾನದ ಕೊನೆಗೂ ೧೩ನೆಯ ಶತಮಾನದ ಮೊದಲ ಭಾಗಕ್ಕೂ ಹೊಂದಿಸಿ ಹೇಳುವರು. ಅವನ ತಂದೆ ಮಹಾದೇವಭಟ್ಟನು, ತಾಯಿ ರುದ್ರಾಣಿಯು. ಈ ರುದ್ರಾಣಿಯು ರಗಳೆಗಳ ಮಹಾಕವಿಯಾದ ಹರಿಹರದೇವರ ಸೋದರಿ. ಹೀಗೆ ಹರಿಹರದೇವರು ರಾಘವಾಂಕನಿಗೆ ಸಂಬಂಧದಿಂದ ಸೋದರಮಾವಂದಿರು, ದೀಕ್ಷೆಯಿಂದಲೂ ವಿದ್ಯೆಯಿಂದಲೂ ಗುರುಗಳು. ರಾಘವಾಂಕನು ತನ್ನ ಕಾವ್ಯಗಳಲ್ಲಿ ಹಂಪೆಯ ಹರೀಶ್ವರನ ವರಪುತ್ರನೆಂದು ತನ್ನನ್ನು ಕರೆದುಕೊಂಡಿರುವದರಿಂದ ಈ ಗುರುಶಿಷ್ಯಭಾವದ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಅವನ ಜೀವನದ ಮಿಕ್ಕ ಸಂಗತಿಗಳು ಬಹುಮಟ್ಟಿಗೆ ಭಕ್ತಪರಂಪರೆಯಿಂದ ಬಂದವುಗಳು. ೧೭ನೆಯ ಶತಮಾನದ ಚಿಕ್ಕನಂಜೇಶನೆಂಬ ಕವಿಯು ಅವುಗಳನ್ನು ರಾಘವಾಂಕಚರಿತ್ರೆಯೆಂಬ ಕಾವ್ಯದಲ್ಲಿ ಹಾಡಿರುವನು.

ಶಿಷ್ಯನನ್ನು ತಿಳಿಯಬೇಕಾದರೆ ಗುರುವನ್ನು ಮೊದಲು ತಿಳಿಯಬೇಕು. ಹರಿಹರದೇವರು ದೋರಸಮುದ್ರದ ಹೊಯ್ಸಳ ಅರಸನ ಆಸ್ಥಾನದಲ್ಲಿ ಕರಣಿಕರಾಗಿದ್ದವರೆಂದು ಪ್ರತೀತಿ. ಅರಮನೆಯ ಲೆಕ್ಕವನ್ನು ಬರೆಯುವ ಲೇಖಣಿಯು ವಿರೂಪಾಕ್ಷನ ಮಹಿಮೆಯನ್ನು ಬರೆಯುವದಕ್ಕಾಗಿ ಹುಟ್ಟಿದ್ದೆಂದು ಮನಗಂಡು ಅವರು ಆ ಪದವಿಯನ್ನು ತೊರೆದು, ತುಂಗಭದ್ರೆಯ ದಂಡೆಯ ಪಂಪಾಕ್ಷೇತ್ರಕ್ಕೆ ಬಂದು ನಿಂತರು. ಅಂದಿನಿಂದ ಸಾಯುವ ಮನುಷ್ಯರನ್ನು ಹೊಗಳಲಾರೆನೆಂಬ ಛಲವನ್ನು ಹಿಡಿದರು. ಪಂಪಾಶತಕದಲ್ಲಿ ಈ ಛಲವು ಉಜ್ವಲವಾಗಿ ಪ್ರಕಟವಾಗಿರುವದು. ಶಿವಶರಣರ ಚರಿತ್ರೆಗಳನ್ನು ಅವರು ರಗಳೆಗಳಲ್ಲಿ ಹಾಡಿದರು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಾಲಕ ಬಸವಣ್ಣನವರು ಸಂಗಮನಾಥನನ್ನು ಮೊರೆಹೊಕ್ಕ ಪ್ರಸಂಗವನ್ನು ಕನ್ನಡದಲ್ಲಿ ಅಷ್ಟು ವಿಸ್ತಾರವಾಗಿ ಮೊದಲು ಹೇಳಿದ ಕವಿಗಳು ಅವರೇ. ಕೃಷ್ಣಾಮಲಪ್ರಭೆಗಳ ಸಂಗಮದಲ್ಲಿ ಮಿಂದು ಬರುವ ಈ ಭಾಗದ ಭಕ್ತರು ಹರಿಹರದೇವರಿಗೆ ಈ ಕಾರಣದಿಂದ ಚಿರಋಣಿಗಳಾಗಿರುವರು.

ಹರಿಹರದೇವರಿಗೂ ವಿಮರ್ಶೆಯ ಬಿಸಿ ತಟ್ಟದೆ ಇರಲಿಲ್ಲ. ಪಂಡಿತರು ಗೌರವಿಸುತ್ತಿದ್ದ ಚಂಪೂಮಾರ್ಗವನ್ನು ಬಿಟ್ಟು ಜನರ ಬಾಯಲ್ಲಿ ನಲಿಯುವ ರಗಳೆಯನ್ನು ಹಿಡಿದದ್ದಕ್ಕಾಗಿ, ಇವರಿಗೆ ರಗಳೆಯಲ್ಲದೆ ಬೇರೆ ಬಾರದೆಂದು ಕೆಲವರು ಹೀಯಾಳಿಸಿದರಂತೆ. ಅವರು ವಾದಕ್ಕೆ ನಿಲ್ಲದೆ ಗಿರಿಜಾಕಲ್ಯಾಣವೆಂಬ ಪ್ರೌಢವಾದ ಚಂಪೂಕಾವ್ಯವನ್ನು ರಚಿಸಿ ಅದಕ್ಕೆ ಉತ್ತರವಿತ್ತರೆಂದು ಹೇಳುವರು. ಪರರ ಟೀಕೆಯನ್ನು ಕೃತಿಯಿಂದ ಎದುರಿಸುವ ಬಗೆಯನ್ನು ಬಲ್ಲ ಇಂಥ ಗುರುವು ಮನೆಯಲ್ಲಿಯೇ ಇದ್ದದ್ದು ರಾಘವಾಂಕನ ಭಾಗ್ಯವು.

ರಾಘವಾಂಕನು ಬಾಲ್ಯದಿಂದಲೂ ಗುರುವಿನ ಬಳಿಯಲ್ಲಿ ಬೆಳೆದು ಸಕಲ ವಿದ್ಯೆಗಳಲ್ಲಿ ನಿಪುಣನಾದನು. ಗುರುವು ರಗಳೆಯ ಹೊಸ ದಾರಿಯನ್ನು ತೆರೆದಂತೆ ಶಿಷ್ಯನು ಷಟ್ಪದಿಯ ಹೆದ್ದಾರಿಯನ್ನು ಕಡಿದನು. ಆರು ಸಾಲುಗಳ ಈ ಪದ್ಯಜಾತಿಯಲ್ಲಿ ದೊಡ್ಡ ಕಥೆಯನ್ನು ತಡೆಯಿಲ್ಲದೆ ಹರಿಯಿಸಬಹುದೆಂದು ಅವನು ತೋರಿಸಿಕೊಟ್ಟನು. ತರುವಾಯದ ಕಾಲದಲ್ಲಿ ಕುಮಾರವ್ಯಾಸ, ಚಾಮರಸ, ಲಕ್ಷ್ಮೀಶ ಮೊದಲಾದ ಕವಿಗಳು ಈ ದಾರಿಯಲ್ಲಿಯೇ ನಡೆದರು. ತರುಣನಾದ ಕವಿಗೆ ಇಂಥ ಸಾಮರ್ಥ್ಯವು ಕೈವಶವಾದಾಗ ಅದನ್ನು ಲೋಕಕ್ಕೆ ತೋರಿಸಬೇಕೆಂಬ ಹಂಬಲವು ಹುಟ್ಟಿದರೆ ಆಶ್ಚರ್ಯವಿಲ್ಲ.

ಆಗ ಹಂಪೆಯಲ್ಲಿ ದೇವರಾಜನೆಂಬ ಅರಸನಿದ್ದನೆಂದು ಪರಂಪರೆಯು ಹೇಳುವದು. ಆ ಅರಸನ ಸಭೆಯಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯವು ಪ್ರಕಟವಾಯಿತು. ಸತ್ಯಕ್ಕಾಗಿ ರಾಜ್ಯವನ್ನು ಬಿಟ್ಟು, ಹೆಂಡತಿ ಮಗನನ್ನು ಮಾರಿ, ಕಾಶಿಯ ಸುಡುಗಾಡನ್ನು ಕಾದ ಅರಸನ ಕಥೆಯದು. ವಸಿಷ್ಠನು ದೇವಸಭೆಯಲ್ಲಿ ಹರಿಶ್ಚಂದ್ರನನ್ನು ಹೊಗಳಲು, ವಿಶ್ವಾಮಿತ್ರನು ಆ ಹೊಗಳಿಕೆಯನ್ನು ಒಪ್ಪದೆ ಅರಸನನ್ನು ಪರೀಕ್ಷೆಗೆ ಗುರಿಮಾಡುವನು. ಪರೀಕ್ಷೆಯಿಲ್ಲದ ಹೊಗಳಿಕೆಗೆ ಬೆಲೆಯಿಲ್ಲವೆಂಬುದೇ ಆ ಕಥೆಯ ಬೀಜವಾಗಿರುವದು. ಆದರೆ ಅದನ್ನು ಬರೆದ ಕವಿಯು ತನ್ನ ಕಾವ್ಯವನ್ನು ಪರೀಕ್ಷೆಗೆ ಒಡ್ಡುವ ಮೊದಲೇ ಹೊಗಳಿಕೆಯ ಸಭೆಗೆ ಒಯ್ದನು. ಗುರುವಿನ ಮನೆಯು ಅರಮನೆಗಿಂತ ದೂರದಲ್ಲಿರಲಿಲ್ಲ. ಆದರೂ ಅವನ ಹೆಜ್ಜೆಗಳು ಮೊದಲು ಅರಮನೆಯ ಕಡೆಗೆ ನಡೆದವು.

ಸಭೆಯು ಮೆಚ್ಚಿತು. ಚಂದ್ರಮತಿಯು ಮಗ ಲೋಹಿತಾಶ್ವನ ಹೆಣವನ್ನು ಮುಂದಿಟ್ಟುಕೊಂಡು ಗೋಳಿಡುವ ಭಾಗವನ್ನು ಕೇಳಿದವರ ಕಣ್ಣು ಇಂದಿಗೂ ಒಣಗಿರಲಾರವು. ಅಂದಿನ ಸಭೆಯು ಕರಗಿದ್ದರಲ್ಲಿ ಸೋಜಿಗವಿಲ್ಲ. ಅರಸನು ಕವಿಯನ್ನು ಮನ್ನಿಸಿದನು. ಕವಿಯು ತುಂಬಿದ ಮನಸ್ಸಿನಿಂದ ಗುರುವಿನ ಬಳಿಗೆ ಬಂದನು. ತನ್ನ ಜಯವನ್ನು ಕೇಳಿ ಗುರುವೂ ಹಿಗ್ಗುವನೆಂದು ಅವನು ಎಣಿಸಿದ್ದನು.

ಹರಿಹರದೇವರು ಹಿಗ್ಗಲಿಲ್ಲ. ವಿರೂಪಾಕ್ಷನನ್ನೂ ಶಿವಶರಣರನ್ನೂ ಹಾಡಬೇಕಾದ ನಾಲಿಗೆಯು ಒಬ್ಬ ಮರ್ತ್ಯನಾದ ಅರಸನನ್ನು ಹಾಡಿತೆಂಬ ಸಂಗತಿಯು ಅವರಿಗೆ ಸಿಡಿಲಿನಂತೆ ಬಡಿಯಿತು. ತಾವು ಜೀವಮಾನವೆಲ್ಲ ಕಾಯ್ದುಕೊಂಡ ಛಲವು ತಮ್ಮ ಕೈಯಲ್ಲಿ ಬೆಳೆದ ಕೂಸಿನಿಂದಲೇ ಮುರಿಯಿತೆಂದು ಅವರು ಕನಲಿದರು. ಆ ಕೋಪದಲ್ಲಿ ಕಾಲಿನ ಹಾವುಗೆಯನ್ನು ತೆಗೆದು ಶಿಷ್ಯನ ಮೋರೆಗೆ ಹೊಡೆದರೆಂದೂ, ಅದರಿಂದ ಅವನ ಐದು ಹಲ್ಲುಗಳು ಉದುರಿದವೆಂದೂ ಪರಂಪರೆಯು ಹೇಳುವದು.

ಈ ಪ್ರಸಂಗವನ್ನು ಕೇವಲ ಅದ್ಭುತ ಕಥೆಯೆಂದು ಕೇಳಿ ಬಿಡುವದು ಸಲ್ಲದು. ಅಂದಿನ ಕವಿಗೆ ಕಾವ್ಯವೆಂದರೆ ಓದಿ ಕೇಳಿಸುವ ವಸ್ತು. ತಕಾರ, ದಕಾರ, ನಕಾರ, ಸಕಾರಗಳು ಹಲ್ಲುಗಳ ನೆರವಿನಿಂದ ಹುಟ್ಟುವ ಅಕ್ಷರಗಳು. ಹಲ್ಲು ಹೋದ ಕವಿಯು ಸತ್ಯವೆಂಬ ಶಬ್ದವನ್ನು ಕೂಡ ನೆಟ್ಟಗೆ ನುಡಿಯಲಾರನು. ಸತ್ಯವ್ರತನ ಕಾವ್ಯವನ್ನು ಸಭೆಯಲ್ಲಿ ಓದಿ ಬಂದವನ ಬಾಯಲ್ಲಿ ಆ ಸತ್ಯವೇ ತೊದಲಿತು. ಸಭೆಯಲ್ಲಿ ಗಳಿಸಿದ ಮಾನವು ಗುರುವಿನ ಹೊಸ್ತಿಲಲ್ಲಿ ಕಳೆದುಹೋಯಿತು. ಹಿರಿಯರು ಈ ಕಥೆಯನ್ನು ಹೇಳುವಾಗ ಕವಿಯ ಕಾಲನ್ನಾಗಲಿ ಕೈಯನ್ನಾಗಲಿ ಮುರಿಯದೆ ಹಲ್ಲನ್ನೇ ಉದುರಿಸಿದ್ದರಲ್ಲಿ ಇಷ್ಟು ಅರ್ಥವಿರುವದು.

ಗುರುವಿನ ಕೋಪವು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯು ಇಲ್ಲಿ ಸಹಜವಾಗಿ ಏಳುವದು. ಹರಿಶ್ಚಂದ್ರಕಾವ್ಯವು ಶಿವನಿಗೆ ಹೊರತಾದ ಕೃತಿಯೇನೂ ಅಲ್ಲ. ಕಾಶಿಯ ವಿಶ್ವನಾಥನೇ ಕೊನೆಗೆ ಪ್ರತ್ಯಕ್ಷನಾಗಿ ಹರಿಶ್ಚಂದ್ರನನ್ನು ಉದ್ಧರಿಸುವನು. ಸತ್ಯವನ್ನು ಕಾಯುವದೂ ಹರನನ್ನು ಪೂಜಿಸುವದೂ ಒಂದೇ ಎಂಬ ಭಾವವು ಕಾವ್ಯದ ಉದ್ದಕ್ಕೂ ಮಿಡಿಯುವದು. ಶಿಷ್ಯನು ಈ ಅಭಿಪ್ರಾಯವನ್ನು ಕಾವ್ಯಾರಂಭದಲ್ಲಿಯೇ ಗುರುವಿಗೆ ಬಿನ್ನವಿಸಿದ್ದರೆ, ಒಂದೆರಡು ಸ್ಥಲಗಳನ್ನಾದರೂ ಮುಂಚಿತವಾಗಿ ಓದಿ ಕೇಳಿಸಿದ್ದರೆ, ಗುರುವು ಏನು ಹೇಳುತ್ತಿದ್ದನು? ಬಹುಶಃ ವಸ್ತುವನ್ನು ಬಿಡು ಎನ್ನುತ್ತಿದ್ದನು. ಬಹುಶಃ ವಿಶ್ವನಾಥನ ಮಹಿಮೆಯನ್ನು ಇನ್ನಷ್ಟು ಮುಂದಕ್ಕೆ ತಾ ಎನ್ನುತ್ತಿದ್ದನು. ಬಹುಶಃ ಶಿಷ್ಯನ ಮಾತಿಗೆ ತಾನೇ ಒಲಿಯುತ್ತಿದ್ದನು. ಈ ಮೂರರಲ್ಲಿ ಯಾವುದಾದರೂ ಮನೆಯೊಳಗಿನ ಮಾತಾಗಿ ಮುಗಿಯುತ್ತಿತ್ತು. ಸಭೆಯಲ್ಲಿ ಓದಿ ಮನ್ನಣೆ ಪಡೆದು ಬಂದ ಮೇಲೆ ಅದೇ ವಿವರಣೆಯು ಹೇಳಿಕೊಳ್ಳುವ ನೆಪವಾಯಿತು. ಮೊದಲು ಹೇಳಿದರೆ ಬಿನ್ನಹವಾಗುವ ಮಾತು ತರುವಾಯ ಹೇಳಿದರೆ ವಾದವಾಗುವದು. ರಾಘವಾಂಕನ ತಪ್ಪು ಆ ಕಾವ್ಯವನ್ನು ಬರೆದದ್ದಕ್ಕಿಂತ ಅದನ್ನು ಯಾರಿಗೆ ಮೊದಲು ಕೇಳಿಸಿದನೆಂಬುದರಲ್ಲಿ ಹೆಚ್ಚಾಗಿತ್ತು.

ಅರಸನ ಸಭೆಯು ಕವಿಯನ್ನು ತಿದ್ದುವ ಸ್ಥಳವಲ್ಲ. ಅಲ್ಲಿ ಮೆಚ್ಚುವವರು ಅರಸನ ಮುಖವನ್ನು ನೋಡಿ ಮೆಚ್ಚುವರು. ಮೆಚ್ಚದವರು ಅಸೂಯೆಯಿಂದ ಮೂಗು ಮುರಿಯುವರು. ಕವಿಯ ಏಳಿಗೆಯಲ್ಲಿ ತನ್ನ ಏಳಿಗೆಯನ್ನು ಕಾಣುವವನೂ, ಕವಿಯ ಮುನಿಸಿಗೆ ಅಂಜದವನೂ ಮಾತ್ರ ನಿಜವನ್ನು ಹೇಳಬಲ್ಲನು. ರೋಮ ದೇಶದ ಪ್ರಾಚೀನ ಕವಿಯಾದ ಹೋರೇಸನು ಸಹ ತರುಣ ಕವಿಗಳಿಗೆ, ಬರೆದದ್ದನ್ನು ಒಳ್ಳೆಯ ವಿಮರ್ಶಕನಿಗೆ ಓದಿ ಕೇಳಿಸಿ ಒಂಬತ್ತು ವರ್ಷಗಳ ವರೆಗೆ ಪೆಟ್ಟಿಗೆಯಲ್ಲಿಡಬೇಕೆಂದು ಬುದ್ಧಿ ಹೇಳಿರುವನು. ಹೊರಬಿದ್ದ ಮಾತು ಮರಳಿ ಬಾರದೆಂಬ ಅರಿವು ಎಲ್ಲ ದೇಶಗಳ ಹಿರಿಯರಿಗೂ ಇತ್ತೆಂಬುದಕ್ಕೆ ಇದು ಸಾಕ್ಷಿ.

ಪೆಟ್ಟು ತಿಂದ ಶಿಷ್ಯನಿಗೆ ಎರಡು ದಾರಿಗಳಿದ್ದವು. ಅರಮನೆಯ ಬಾಗಿಲು ತೆರೆದೇ ಇತ್ತು. ಗುರುವನ್ನು ಬಿಟ್ಟು ಅಲ್ಲಿಗೆ ಹೋಗಿ ಆಸ್ಥಾನಕವಿಯಾಗಿ ಸುಖದಿಂದ ಬಾಳಬಹುದಾಗಿತ್ತು. ರಾಘವಾಂಕನು ಆ ದಾರಿಯನ್ನು ಹಿಡಿಯಲಿಲ್ಲ. ಗುರುವಿನ ಪಾದಕ್ಕೆ ಬಿದ್ದು ಪ್ರಾಯಶ್ಚಿತ್ತವನ್ನು ಬೇಡಿದನು. ಶಿವಮಹಿಮೆಯನ್ನೂ ಶಿವಶರಣರ ಚರಿತ್ರೆಗಳನ್ನೂ ಹಾಡುವದೇ ಅವನಿಗೆ ಪ್ರಾಯಶ್ಚಿತ್ತವಾಯಿತು. ಸೋಮನಾಥಚರಿತೆ, ಸಿದ್ಧರಾಮಚರಿತೆ, ವೀರೇಶಚರಿತೆ, ಶರಭಚಾರಿತ್ರ, ಹರಿಹರಮಹತ್ವ ಎಂಬ ಐದು ಕೃತಿಗಳನ್ನು ಅವನು ರಚಿಸಿದನೆಂದೂ, ಒಂದೊಂದು ಕೃತಿಯು ಮುಗಿದಂತೆ ಒಂದೊಂದು ಹಲ್ಲು ಮರಳಿ ಬಂದಿತೆಂದೂ ಭಕ್ತರು ನಂಬಿರುವರು. ಗುರುವಿನ ಮೆಚ್ಚುಗೆಯು ಒಮ್ಮೆಲೆ ದೊರೆಯಲಿಲ್ಲ. ಕೃತಿಯಿಂದ ಕೃತಿಗೆ, ಹಲ್ಲಿನಿಂದ ಹಲ್ಲಿಗೆ, ದುಡಿದು ಪಡೆಯಬೇಕಾಯಿತು.

ಈ ಐದರಲ್ಲಿ ಶರಭಚಾರಿತ್ರ, ಹರಿಹರಮಹತ್ವಗಳು ಈಗ ದೊರೆಯುವದಿಲ್ಲ. ಉಳಿದ ಮೂರನ್ನು ನೋಡಿದರೆ ಶಿಷ್ಯನ ದೀಕ್ಷೆಯು ಎಂಥದೆಂದು ತಿಳಿಯುವದು. ಸೋಮನಾಥಚರಿತೆಯು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದು, ಅಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಆದಯ್ಯನ ಕಥೆ. ಇದೇ ಆದಯ್ಯನನ್ನು ಹರಿಹರದೇವರು ರಗಳೆಯಲ್ಲಿ ಹಾಡಿದ್ದರು. ಗುರುವು ಕೈಯಾಡಿಸಿದ ವಸ್ತುವನ್ನೇ ಶಿಷ್ಯನು ಎತ್ತಿಕೊಂಡು ಷಟ್ಪದಿಯಲ್ಲಿ ಕಡೆದು ನಿಲ್ಲಿಸುವದೆಂದರೆ, ತನ್ನ ಕೃತಿಯನ್ನು ಅತ್ಯಂತ ಕಠಿಣವಾದ ಒರೆಗಲ್ಲಿಗೆ ತಾನಾಗಿಯೇ ಉಜ್ಜಿದಂತೆ. ವೀರೇಶಚರಿತೆಯಲ್ಲಿ ವೀರಭದ್ರನು ದಕ್ಷನ ಯಜ್ಞವನ್ನು ಧ್ವಂಸಮಾಡಿದ ಕಥೆಯನ್ನು ಉದ್ದಂಡಷಟ್ಪದಿಯೆಂಬ ರಭಸದ ನಡೆಯಲ್ಲಿ ಹೇಳಿರುವನು. ಪೆಟ್ಟು ತಿಂದ ಮಾತ್ರಕ್ಕೆ ಅವನ ಹೊಸತನದ ಧೈರ್ಯವು ಕುಗ್ಗಿರಲಿಲ್ಲವೆಂಬುದಕ್ಕೆ ಈ ಕೃತಿಯೇ ಪ್ರಮಾಣವು.

ಸಿದ್ಧರಾಮಚರಿತೆಯು ಭಕ್ತರ ಹೃದಯಕ್ಕೆ ಅತಿ ಸಮೀಪವಾದದ್ದು. ಸೊನ್ನಲಿಗೆಯ ಬಾಲಕ ಸಿದ್ಧರಾಮನು ಹೊಲವನ್ನು ಕಾಯುತ್ತಿರುವಾಗ ಮಲ್ಲಿನಾಥನು ಜಂಗಮರೂಪದಿಂದ ಬಂದು ಮಜ್ಜಿಗೆಯನ್ನವನ್ನು ಬೇಡುವನು. ಬಾಲಕನು ಮನೆಗೆ ಓಡಿ ಅದನ್ನು ತರುವಷ್ಟರಲ್ಲಿ ಜಂಗಮನು ಕಾಣದಾಗುವನು. ಮಲ್ಲಯ್ಯನನ್ನು ಕೂಗುತ್ತ, ಕಂಡ ಕಂಡವರನ್ನು ಕೇಳುತ್ತ, ಆ ಕೂಸು ಶ್ರೀಶೈಲದ ದಾರಿಯನ್ನು ಹಿಡಿಯುವದು. ಬಾಗಲಕೋಟೆ, ಇಳಕಲ್ಲು, ಹುನಗುಂದಗಳ ಭಕ್ತರು ಯುಗಾದಿಯ ಕಾಲಕ್ಕೆ ಬಿಸಿಲನ್ನು ಲೆಕ್ಕಿಸದೆ ಪಾದಯಾತ್ರೆಯಿಂದ ಶ್ರೀಶೈಲಕ್ಕೆ ಹೋಗುವಾಗ ಈ ಬಾಲಕನ ಹೆಜ್ಜೆಗಳನ್ನೇ ಹಿಂಬಾಲಿಸುವರು. ಗುರುವಿನ ಪ್ರಸನ್ನಮುಖವನ್ನು ಕಳಕೊಂಡು ಅದನ್ನು ಮತ್ತೆ ಕಾಣಲು ಹಂಬಲಿಸಿದ ಕವಿಯು ಈ ಭಾಗವನ್ನು ಬರೆದನೆಂಬುದನ್ನು ನೆನೆದರೆ, ಆ ಕೂಸಿನ ಕೂಗಿನಲ್ಲಿ ಕವಿಯ ಕೂಗೂ ಬೆರೆತಂತೆ ಕೇಳುವದು.

ಇಲ್ಲಿ ಗುರುವಿನ ಪಾಲಿನ ಕಷ್ಟವನ್ನೂ ನೆನೆಯಬೇಕು. ಸಿಟ್ಟಿನಿಂದ ಹೊಡೆಯುವದು ಒಂದು ಕ್ಷಣದ ಕೆಲಸ. ಅದು ಹಿರಿದಾದ ಗುಣವೆಂದು ಹೊಗಳುವದಕ್ಕೆ ಕಾರಣವಿಲ್ಲ. ಹರಿಹರದೇವರ ಹಿರಿಮೆಯು ತರುವಾಯ ನಡೆದದ್ದರಲ್ಲಿರುವದು. ಅವರು ಶಿಷ್ಯನನ್ನು ಹೊರಗೆ ನೂಕಿ ಬಾಗಿಲನ್ನು ಮುಚ್ಚಿಕೊಳ್ಳಲಿಲ್ಲ. ತಿದ್ದಿಕೊಳ್ಳುವ ದಾರಿಯನ್ನು ತೋರಿಸಿದರು; ಒಂದಾದ ಮೇಲೊಂದರಂತೆ ಐದು ಕೃತಿಗಳು ಮುಗಿಯುವ ವರೆಗೆ ಆ ದಾರಿಯನ್ನು ತೆರೆದಿಟ್ಟರು. ದೋಷವನ್ನು ಎತ್ತಿ ಆಡುವವರು ಬಹಳ ಜನರು ಸಿಕ್ಕುವರು. ದೋಷವನ್ನು ಹೇಳಿ, ಅದು ತಿದ್ದುವ ವರೆಗೆ ತಾಳ್ಮೆಯಿಂದ ಕಾಯುವವರು ವಿರಳ. ಅಂಥವರು ದೊರೆತ ಕವಿಯು ಹಲ್ಲು ಕಳಕೊಂಡರೂ ನಷ್ಟಪಡಲಿಲ್ಲ.

ಹೀಗೆ ಗುರುಕೃಪೆಯನ್ನು ಮರಳಿ ಪಡೆದ ರಾಘವಾಂಕನು ಓರುಗಲ್ಲಿನ ಕಾಕತೀಯ ಅರಸನ ಆಸ್ಥಾನಕ್ಕೆ ಹೋಗಿ, ಅಲ್ಲಿಯ ಪಂಡಿತರನ್ನು ವಾದದಲ್ಲಿ ಗೆದ್ದು ಬಂದನೆಂದು ಪ್ರತೀತಿಯುಂಟು. ಉಭಯಕವಿಕಮಲರವಿ, ಕವಿಶರಭಭೇರುಂಡ ಎಂಬ ಬಿರುದುಗಳು ಅವನ ಹೆಸರಿನೊಡನೆ ಸೇರಿಕೊಂಡಿರುವವು. ಹಂಪೆಯ ಅರಮನೆಗೆ ಮನ್ನಣೆಯನ್ನು ಅರಸುತ್ತ ಹೋದ ಯುವಕನಿಗೂ, ಓರುಗಲ್ಲಿಗೆ ಗುರುವಿನ ಹೆಸರನ್ನು ಹೊತ್ತು ಹೋದ ಈ ಪ್ರೌಢಕವಿಗೂ ಬಹಳ ಅಂತರವಿತ್ತು. ಮನೆಯಲ್ಲಿ ಪುಟಗೊಂಡು ಹೋದವನಿಗೆ ಪರಸಭೆಯಲ್ಲಿ ಅಂಜಿಕೆಯಿರುವದಿಲ್ಲ. ಕಡೆಯಲ್ಲಿ ಅವನು ವೇಲಾಪುರವೆಂಬ ಬೇಲೂರಿನಲ್ಲಿ ಶಿವೈಕ್ಯನಾದನೆಂದು ಹೇಳುವರು.

ಗುರುವನ್ನು ಕೆರಳಿಸಿದ ಆ ಹರಿಶ್ಚಂದ್ರಕಾವ್ಯವು ಏನಾಯಿತೆಂಬುದನ್ನು ಹೇಳದೆ ಈ ಚರಿತ್ರೆಯು ಪೂರ್ಣವಾಗದು. ಅದು ಅಳಿಯಲಿಲ್ಲ. ಓಲೆಯಿಂದ ಓಲೆಗೆ ಇಳಿದು, ಗಮಕಿಗಳ ಕಂಠದಲ್ಲಿ ನೆಲೆಸಿ, ತರುವಾಯ ಮುದ್ರಣಗೊಂಡು ಶಾಲೆಯ ಮಕ್ಕಳ ಕೈಗೂ ಬಂದಿತು. ಭಕ್ತಿಯಿಂದ ಬರೆದ ಎರಡು ಕೃತಿಗಳು ಕಾಲದ ಹೊಟ್ಟೆಯಲ್ಲಿ ಕರಗಿಹೋದವು. ಬೈಸಿಕೊಂಡ ಕೃತಿಯು ನಾಡಿನ ಕಣ್ಮಣಿಯಾಗಿ ಉಳಿಯಿತು. ಇದರಿಂದ ಗುರುವಿನ ಪರೀಕ್ಷೆಯು ವ್ಯರ್ಥವಾಯಿತೆಂದು ಎಣಿಸಬಾರದು. ಮೊದಲ ಓದುಗನ ಮಾತು ಕೃತಿಯ ಆಯುಷ್ಯವನ್ನು ನಿರ್ಣಯಿಸುವದಿಲ್ಲ. ಅದು ಕವಿಯನ್ನು ರೂಪಿಸುವದು. ಹರಿಶ್ಚಂದ್ರಕಾವ್ಯವನ್ನು ಲೋಕವು ಕಾಯ್ದುಕೊಂಡಿತು, ಅದರ ಕವಿಯನ್ನು ಗುರುವು ಕಾಯ್ದನು. ಆ ಒಂದು ಪೆಟ್ಟು ಬೀಳದಿದ್ದರೆ ಸೊನ್ನಲಿಗೆಯ ಕೂಸಿನ ಕೂಗು ಕನ್ನಡದ ಷಟ್ಪದಿಯಲ್ಲಿ ಕೇಳಿಬರುತ್ತಿತ್ತೋ ಇಲ್ಲವೋ ಯಾರು ಬಲ್ಲರು?

ಮಠದ ನೆರಳಿನಲ್ಲಿ ಪುರಾಣವನ್ನು ಹೇಳುವವರು, ಕೀರ್ತನೆಯನ್ನು ಮಾಡುವವರು, ಹಾಡು ನಾಟಕಗಳನ್ನು ಕಟ್ಟುವವರು, ಗ್ರಂಥಗಳನ್ನು ಬರೆಯುವವರು ಎಲ್ಲ ಕಾಲದಲ್ಲಿಯೂ ಇರುವರು. ಅವರೆಲ್ಲರ ಮುಂದೆಯೂ ಎರಡು ಬಾಗಿಲುಗಳಿರುವವು: ಒಂದು ಚಪ್ಪಾಳೆಯ ಸಭೆಯದು, ಮತ್ತೊಂದು ಹಿತವನ್ನು ಬಯಸಿ ಕಟುವಾಗಿ ನುಡಿಯುವವರ ಮನೆಯದು. ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂಬುದನ್ನು ರಾಘವಾಂಕನು ತನ್ನ ಐದು ಹಲ್ಲುಗಳ ಬೆಲೆಯನ್ನು ಕೊಟ್ಟು ಕಲಿತನು. ಉಳಿದವರು ಅಷ್ಟು ಬೆಲೆಯನ್ನು ಕೊಡದೆಯೇ ಅದನ್ನು ಕಲಿಯುವಂತಾಗಲೆಂದೇ ಹಿರಿಯರು ಈ ಚರಿತ್ರೆಯನ್ನು ಉಳಿಸಿಕೊಂಡು ಬಂದಿರುವರು. ಅರಿವುಳ್ಳ ಗುರುವೂ, ತಿದ್ದಿಕೊಳ್ಳುವ ಶಿಷ್ಯನೂ ಈ ನಾಡಿನ ಮಠಮಠಗಳಲ್ಲಿ ಮನೆಮನೆಗಳಲ್ಲಿ ಎಂದೆಂದಿಗೂ ಇರುವಂತೆ ಪರಶಿವನು ಅನುಗ್ರಹಿಸಲಿ.